ನೀರಿಲ್ಲದ ಸೀಮೆಯ ದಾರಿಯಲ್ಲಿ ಟ್ಯಾಂಕಿನ ತುಂಬ ನೀರು

ಪಾವಗಡದ ಕಡೆ ಹೊರಟವರು ಕುಡಿಯುವ ನೀರು ಜೊತೆಗೆ ಕಟ್ಟಿಕೊಂಡೇ ಹೋಗಬೇಕು ಅನ್ನುವುದು ನಮ್ಮ ಮನೆಯ ಹಳೆಯ ರೂಢಿ. ಈ ಸಲವೂ ಇಪ್ಪತ್ತು ಲೀಟರಿನ ಎರಡು ಕ್ಯಾನು ತುಂಬಿ ಕಾರಿನ ಡಿಕ್ಕಿಯಲ್ಲಿಟ್ಟೆವು. ನಮಗೆ ಗೊತ್ತಿಲ್ಲದ ಹಾಗೆ ಇನ್ನೂ ಮೂರು ಲೀಟರ್ ನೀರು ಅದೇ ಕಾರಿನ ಡೀಸೆಲ್ ಟ್ಯಾಂಕಿನಲ್ಲಿ ಕುಳಿತು ನಮ್ಮ ಜೊತೆ ಪ್ರಯಾಣ ಹೊರಟಿತ್ತು. ಡಿಕ್ಕಿಯ ನೀರು ಉಪಯೋಗಕ್ಕೆ ಬಂತು, ಟ್ಯಾಂಕಿನ ನೀರು ನಮ್ಮನ್ನು ನಡುದಾರಿಯಲ್ಲಿ ನಿಲ್ಲಿಸಿತು. ಆ ಕಥೆ ಹೇಳುತ್ತೇನೆ, ಕೇಳಿ. ಕಾರು, ಟ್ಯಾಂಕು ಇದೆಲ್ಲ ಗಂಡಸರ ವಿಷಯ ಎಂದು ಪುಟ ತಿರುವಬೇಡಿ. ಉಪ್ಪಿನಕಾಯಿ ಭರಣಿಯನ್ನು ಕಾಪಾಡಿದವರಿಗೆ ಇದರಲ್ಲಿ ಅರ್ಥವಾಗದ್ದು ಏನೂ ಇಲ್ಲ.

ನಮ್ಮದು 1986ರ ಡೀಸೆಲ್ ಅಂಬಾಸಡರ್ ಕಾರು. ಮಾವನವರು ಆಸೆಪಟ್ಟು ಕೊಂಡದ್ದು. ಅವರು ತೀರಿಕೊಂಡ ಮೇಲೆ ನಮ್ಮ ಯಜಮಾನರು ಅದನ್ನು ಮಾರಲೂ ಆಗದೆ, ದಿನಾ ಓಡಿಸಲೂ ಆಗದೆ ಹಿತ್ತಿಲ ಶೆಡ್ಡಿನಲ್ಲಿ ನಿಲ್ಲಿಸಿಕೊಂಡಿದ್ದಾರೆ. ಐದು ವರ್ಷಕ್ಕೊಮ್ಮೆ ನೋಂದಣಿ ಮುಂದುವರಿಸಬೇಕು, ಹಸಿರು ತೆರಿಗೆ ಕಟ್ಟಬೇಕು, ಬಿಡಿಭಾಗಕ್ಕೆ ಊರೂರು ಅಲೆಯಬೇಕು. ಈ ಕಾರು ತಯಾರಾಗುವುದು ನಿಂತದ್ದೇ 2014ರಲ್ಲಿ. ಹೀಗಾಗಿ ಕಳೆದ ಆಷಾಢದಲ್ಲಿ ಒಬ್ಬ ಗುಜರಿಯವನು ಬಂದು ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಕಬ್ಬಿಣದ ಲೆಕ್ಕದಲ್ಲಿ ಬೆಲೆ ಹೇಳಿ ಹೋಗಿದ್ದ. ಇವರು ಹೂಂ ಅಂದೂ ಆಗಿತ್ತು. ಅತ್ತೆಯವರು ಮಾತ್ರ ಆ ದಿನ ಊಟ ಮಾಡಲಿಲ್ಲ. ಹಸಿವಿಲ್ಲ ಎಂದರು, ಅಷ್ಟೆ.

ಅಷ್ಟರಲ್ಲಿ ಪಾವಗಡದಿಂದ ಫೋನು ಬಂತು. ಅತ್ತೆಯವರ ಅಕ್ಕ, ಎಂಬತ್ತೆರಡು ವರ್ಷದವರು, ಪಾವಗಡದಿಂದ ಆಚೆಗೆ ಒಂದು ಹಳ್ಳಿಯಲ್ಲಿದ್ದಾರೆ. ಬಚ್ಚಲಲ್ಲಿ ಜಾರಿ ಬಿದ್ದು ಹಾಸಿಗೆ ಹಿಡಿದಿದ್ದರು. 'ಒಂದ್ಸಲ ಬಂದು ಮುಖ ತೋರಿಸಿ ಹೋಗೇ' ಎಂದರಂತೆ. ಅತ್ತೆಯವರಿಗೆ ಎಪ್ಪತ್ತೆಂಟು, ಮಂಡಿ ನೋವು. ಬಸ್ಸಿನ ಮೆಟ್ಟಿಲು ಹತ್ತಲಾರರು. ಈಗಿನ ಸಣ್ಣ ಕಾರುಗಳಲ್ಲಿ ನೆಲಕ್ಕೆ ಕುಳಿತ ಹಾಗೆ ಕುಳಿತು ಏಳಲಾರರು. ಅಂಬಾಸಡರಿನ ಹಿಂದಿನ ಸೀಟು ಮಾತ್ರ ಅವರಿಗೆ ಸರಿ, ಮಂಚದಷ್ಟು ಎತ್ತರ, ಮಂಚದಷ್ಟು ಅಗಲ. ಸರಿ, ಕಾರ್ತೀಕದ ಒಂದು ಶುಕ್ರವಾರ ಹೊರಡುವುದೆಂದಾಯಿತು. 'ಇದು ಕಡೇ ಸವಾರಿ, ಬಂದ ಮೇಲೆ ಗುಜರಿಗೆ' ಎಂದು ಇವರು ಷರತ್ತು ಹಾಕಿದರು.

ಇಲ್ಲಿ ನನ್ನದೊಂದು ತಪ್ಪೊಪ್ಪಿಗೆ ಇದೆ. ಆಷಾಢದಿಂದ ನಿಂತಿದ್ದ ಕಾರಿನಲ್ಲಿ ಡೀಸೆಲ್ ತಳ ಮುಟ್ಟಿತ್ತು. ನಿಂತಿರೋ ಗಾಡಿಗೆ ಯಾಕೆ ದುಡ್ಡು ಸುರಿಯೋದು ಎಂಬುದು ಇವರ ಲೆಕ್ಕಾಚಾರ. ಮೊದಲು ಚಾಲೂ ಮಾಡಿ ನೋಡಲು ಒಂದು ಕ್ಯಾನಿನಲ್ಲಿ ಹತ್ತು ಲೀಟರ್ ಡೀಸೆಲ್ ತಂದರು. ಆ ಕ್ಯಾನನ್ನು ಹಿಂದಿನ ಸಂಜೆ ನಾನೇ ತೊಳೆದಿಟ್ಟಿದ್ದೆ. ಒಳಗೆ ಜೇಡರಬಲೆ ಕಟ್ಟಿತ್ತು, ನೋಡಲಾರದೆ ಸೋಪಿನ ಪುಡಿ ಹಾಕಿ ತಿಕ್ಕಿ, ಬೋರಲು ಹಾಕಿದ್ದೆ. ಬೆಳಗ್ಗೆ ಪೂರ್ತಿ ಒಣಗಿತ್ತೋ ಇಲ್ಲವೋ ನೋಡಲಿಲ್ಲ. ಒಲೆಯ ಮೇಲಿನ ಎಣ್ಣೆ ಬಾಣಲೆಗೆ ಒದ್ದೆ ಸೌಟು ಹಾಕಬಾರದೆಂದು ಮಗಳಿಗೆ ನೂರು ಸಲ ಹೇಳಿದವಳು ನಾನು. ಡೀಸೆಲ್ಲಿಗೂ ಅದೇ ಮಾತು ಸಲ್ಲುತ್ತದೆ ಎಂದು ಹೊಳೆಯಲೇ ಇಲ್ಲ.

ಬೆಳಗ್ಗೆ ಆರಕ್ಕೆ ತುಮಕೂರು ಬಿಟ್ಟೆವು. ದಾರಿಯ ಬಂಕಿನಲ್ಲಿ ಇನ್ನೂ ಇಪ್ಪತ್ತು ಲೀಟರ್ ಹಾಕಿಸಿದ್ದಾಯಿತು. ಕೊರಟಗೆರೆಯವರೆಗೆ ಕಾರು ಮದುಮಗನ ಹಾಗೆ ಹೋಯಿತು. ಚಳಿಗಾಲದ ಮುಂಜಾವಿನಲ್ಲಿ ಆ ದಾರಿಯ ಚೆಂದ ನೋಡಿಯೇ ತಿಳಿಯಬೇಕು. ಎಡಬಲಕ್ಕೆ ಗುಡ್ಡಗಳು, ಗುಡ್ಡದ ಮೇಲೆ ಯಾರೋ ಆಟಕ್ಕೆ ಜೋಡಿಸಿಟ್ಟ ಹಾಗೆ ಗುಂಡುಕಲ್ಲುಗಳು, ತಗ್ಗಿನಲ್ಲಿ ಅಡಿಕೆ ತೆಂಗು. ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿ ಹೊಳೆ ಈ ಕೊರಟಗೆರೆ, ಮಧುಗಿರಿ ಸೀಮೆಯಲ್ಲಿ ಹರಿದು ಆಂಧ್ರದ ಕಡೆ ಹೋಗಿ ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಹರಿಯುತ್ತದೆ ಎಂದೆ, ಆದರೆ ವರ್ಷದಲ್ಲಿ ಎಷ್ಟು ದಿನ ಅನ್ನುವುದನ್ನು ಆ ಕಡೆಯವರನ್ನೇ ಕೇಳಬೇಕು. ಶುಕ್ರವಾರವಾದ್ದರಿಂದ ಗೊರವನಹಳ್ಳಿ ಮಹಾಲಕ್ಷ್ಮಿಯ ಕಡೆ ಹೋಗುವ ಬಸ್ಸುಗಳಲ್ಲಿ ಹೂವು ಮುಡಿದ ಹೆಂಗಸರೇ ಹೆಂಗಸರು. ಅತ್ತೆಯವರು ಕೂತಲ್ಲೇ ಕೈಮುಗಿದರು. ಸಿದ್ಧರಬೆಟ್ಟದ ಕಡೆಗೂ ಒಂದು ಕೈಮುಗಿದರು, ಆ ಬೆಟ್ಟದಲ್ಲಿ ಔಷಧಿ ಗಿಡಮೂಲಿಕೆ ಹೇರಳ, ಅಲ್ಲಿ ಬೀಸುವ ಗಾಳಿಗೇ ಮಂಡಿ ನೋವು ಹೋಗುತ್ತೆ ಎಂದು ಅವರ ನಂಬಿಕೆ.

ಮಧುಗಿರಿ ಹತ್ತಿರ ಬಂದಾಗ ಆ ಏಕಶಿಲೆಯ ಬೆಟ್ಟ ಎದ್ದು ನಿಂತಿತು. ಇಡೀ ಬೆಟ್ಟವೇ ಒಂದು ಕಲ್ಲು. ಸಮುದ್ರಮಟ್ಟದಿಂದ ಸುಮಾರು 3,900 ಅಡಿ ಎತ್ತರ. ಏಷ್ಯಾದ ದೊಡ್ಡ ಏಕಶಿಲೆಗಳಲ್ಲಿ ಒಂದೆಂದು ಹೆಸರು. ಪಾಳೆಯಗಾರರು ಕಟ್ಟಿದ ಕೋಟೆ, ಆಮೇಲೆ ಹೈದರಾಲಿಯ ಕೈಗೆ ಬಂದು ಇನ್ನೂ ಗಟ್ಟಿಯಾಯಿತು. ತಪ್ಪಲಲ್ಲಿ ವೆಂಕಟರಮಣಸ್ವಾಮಿ ಮತ್ತು ಮಲ್ಲೇಶ್ವರನ ಗುಡಿಗಳು, ಊರಿನಲ್ಲಿ ದಂಡಿನ ಮಾರಮ್ಮ. ಬೆಟ್ಟ ಹತ್ತಬೇಕೆಂದಿರುವವರು ಬಿಸಿಲೇರುವ ಮುಂಚೆ ಹತ್ತಬೇಕು, ಸೀರೆಗಿಂತ ಚೂಡಿದಾರ್ ವಾಸಿ, ಮೇಲಿನ ಜಾರುಬಂಡೆಯಲ್ಲಿ ಕಂಬಿ ಹಿಡಿದು ತೆವಳಬೇಕಾಗುತ್ತೆ. ನಾನು ಮದುವೆಯಾದ ಹೊಸದರಲ್ಲಿ ಅರ್ಧದವರೆಗೆ ಹತ್ತಿ ಕುಳಿತವಳು, ಅದಕ್ಕಿಂತ ಮೇಲಿನದು ನನಗೆ ಗೊತ್ತಿಲ್ಲ.

ಊರು ದಾಟುತ್ತಿದ್ದಂತೆ ಕಾರು ಒಂದು ಸಲ ಕೆಮ್ಮಿತು. ಇವರು ಗೇರು ಬದಲಿಸಿದರು. ಸ್ವಲ್ಪ ದೂರ ಹೋಗಿ ಮತ್ತೆ ಕೆಮ್ಮಿತು. ಹಳ್ಳ ದಿಣ್ಣೆ ಬಂದಾಗೆಲ್ಲ ತಡವರಿಸುವುದು, ಸಮತಟ್ಟು ಬಂದರೆ ಸುಧಾರಿಸಿಕೊಳ್ಳುವುದು. ಹಿಂದುಗಡೆ ಬಿಳಿ ಹೊಗೆ. 'ಏನೂ ಇಲ್ಲ, ಬಹಳ ದಿನ ನಿಂತಿತ್ತಲ್ಲ, ಮೈ ಬಿಸಿಯಾಗಲಿ' ಎಂದರು ಇವರು. ಗಂಡಸರು ಏನೂ ಇಲ್ಲ ಅಂದಾಗ ಏನೋ ಇದೆ ಎಂದೇ ಅರ್ಥ, ನಿಮ್ಮ ಮನೆಯಲ್ಲೂ ಹೀಗೇ ತಾನೆ?

ಮಿಡಿಗೇಶಿಯ ಕೋಟೆಬೆಟ್ಟ ಕಣ್ಣಿಗೆ ಬೀಳುವ ಹೊತ್ತಿಗೆ ಕಾರು ನಿಂತೇಬಿಟ್ಟಿತು. ಹಿಮ್ಮಡಿ ಮುಟ್ಟುವ ಕೂದಲಿದ್ದ ರಾಣಿಯೊಬ್ಬಳಿಂದ ಆ ಊರಿಗೆ ಮಿಡಿಗೇಶಿ ಎಂದು ಹೆಸರು ಬಂತಂತೆ, ಆಕೆ ಕೋಟೆ ಬೀಳುವ ಹೊತ್ತಿಗೆ ಬೆಂಕಿಗೆ ಹಾರಿದಳಂತೆ. ಹಿಂದೆ ಈ ದಾರಿಯಲ್ಲಿ ಬರುವಾಗ ಮಾವನವರು ತಪ್ಪದೆ ಈ ಕಥೆ ಹೇಳುತ್ತಿದ್ದರು. ಆ ದಿನ ಯಾರಿಗೂ ಕಥೆ ಬೇಕಿರಲಿಲ್ಲ. ಇವರು ಕೀಲಿ ತಿರುಗಿಸುತ್ತಲೇ ಇದ್ದರು, ಕಾರು ಗೊರಗೊರ ಎನ್ನುತ್ತಲೇ ಇತ್ತು. ಕಡೆಗೆ ಬ್ಯಾಟರಿಯೂ ಸೋತು ಗೊರಗೊರವೂ ನಿಂತಿತು.

ಆಮೇಲೆ ದೋಷ ಹುಡುಕುವ ಕಾರ್ಯಕ್ರಮ ಶುರುವಾಯಿತು. ಮೊದಲು ಬೈಸಿಕೊಂಡದ್ದು ಬಂಕಿನವರು. ಮಧ್ಯಪ್ರದೇಶದ ಸುದ್ದಿ ನಿಮಗೂ ನೆನಪಿರಬಹುದು. 2025ರ ಜೂನ್ ತಿಂಗಳಲ್ಲಿ ರತ್ಲಾಮಿನ ಹತ್ತಿರ ಅಲ್ಲಿನ ಮುಖ್ಯಮಂತ್ರಿಗಳ ಬೆಂಗಾವಲಿಗೆ ಸೇರಿದ 19 ಕಾರುಗಳು ಒಂದೇ ಬಂಕಿನಲ್ಲಿ ಡೀಸೆಲ್ ಹಾಕಿಸಿ, ಸ್ವಲ್ಪ ದೂರಕ್ಕೇ ಸಾಲಾಗಿ ನಿಂತುಬಿಟ್ಟವು. ಟ್ಯಾಂಕು ಬಿಚ್ಚಿ ನೋಡಿದರೆ ಡೀಸೆಲ್ ಜೊತೆ ನೀರು. ಮಳೆಗಾಲದಲ್ಲಿ ನೆಲದೊಳಗಿನ ಟ್ಯಾಂಕಿಗೆ ನೀರು ಇಳಿದಿತ್ತು ಎಂದು ಪತ್ರಿಕೆಗಳಲ್ಲಿ ಬಂದಿತ್ತು. ಇವರು ಅದನ್ನು ನೆನೆದು ಹಲ್ಲು ಕಡಿಯುತ್ತಿದ್ದಾಗ ಅವರ ದೃಷ್ಟಿ ನನ್ನ ಕಡೆ ತಿರುಗಿತು. 'ಆ ಕ್ಯಾನು ತೊಳೆದವರು ಯಾರು?'

ನಾನು ಉತ್ತರ ಹೇಳಲಿಲ್ಲ. ಹೊಟ್ಟೆಯೊಳಗೆ ಕಲ್ಲು ಬಿದ್ದ ಹಾಗಾಯಿತು. ಅಕ್ಕನ ಮುಖ ನೋಡಲೆಂದು ಮೂರು ವರ್ಷದಿಂದ ಕಾದ ಮುದುಕಿಯನ್ನು ನನ್ನ ಶುಚಿತ್ವದ ಹುಚ್ಚು ರಸ್ತೆ ಬದಿಯ ಹುಣಸೆಮರದ ಕೆಳಗೆ ಕೂರಿಸಿತಲ್ಲ ಎಂದು ಕಣ್ಣಲ್ಲಿ ನೀರು ಬಂತು. ಇನ್ನೊಂದು ಗಾಡಿಗೆ ಕಟ್ಟಿ ಎಳೆಸಿಕೊಂಡು ಮಧುಗಿರಿಗೆ ವಾಪಸು ಹೋಗೋಣ ಎಂದರು ಇವರು. ಅತ್ತೆಯವರು ಕೋಲು ಊರಿಕೊಂಡು ಎದ್ದು, 'ನೀವು ಹೋಗಿ. ನಾನು ಹೇಗಾದರೂ ಬಸ್ಸು ಹತ್ತುತ್ತೀನಿ. ವಾಪಸು ಅಂತೂ ಬರೋದಿಲ್ಲ' ಎಂದುಬಿಟ್ಟರು. ಆ ಮಂಡಿಯಲ್ಲಿ ಹತ್ತುವುದು ಹೇಗೆ ಎಂದು ಕೇಳುವ ಧೈರ್ಯ ಇಬ್ಬರಿಗೂ ಆಗಲಿಲ್ಲ.

ಪುಣ್ಯಕ್ಕೆ ಕಡಲೆಕಾಯಿ ಹೇರಿಕೊಂಡು ಬಂದ ಒಂದು ಟ್ರ್ಯಾಕ್ಟರಿನವನು ನಿಲ್ಲಿಸಿದ. ಅವನೇ ಫೋನು ಮಾಡಿ ಪಕ್ಕದ ಹಳ್ಳಿಯಿಂದ ಟ್ರ್ಯಾಕ್ಟರ್ ರಿಪೇರಿ ಮಾಡುವ ಹುಡುಗನನ್ನು ಕರೆಸಿದ. ಹುಡುಗ ಎಂದೆ, ಮೂವತ್ತೈದಾದರೂ ಇರಬೇಕು. ಅಂಬಾಸಡರ್ ಡೀಸೆಲ್ ಗಾಡಿಯನ್ನು ಅವನು ಬಿಚ್ಚಿದ್ದು ಅದೇ ಮೊದಲಂತೆ. 'ಟ್ರ್ಯಾಕ್ಟ್ರು ಏನೋ ಇದೂ ಅದೇ ಕಣ್ರಮ್ಮ, ಹೊಟ್ಟೆ ಒಂದೇ, ಮೈ ಬೇರೆ' ಎಂದ. ಮೊದಲು ಇವರ ಕೈಯಿಂದ ಕೀಲಿ ಕಿತ್ತುಕೊಂಡ. ನೀರು ಬಂದ ಗುಮಾನಿ ಬಂದ ಕೂಡಲೇ ಚಾಲೂ ಮಾಡುವುದನ್ನು ನಿಲ್ಲಿಸಬೇಕಂತೆ. ತಿರುಗಿಸಿದಷ್ಟೂ ನೀರು ಟ್ಯಾಂಕಿನಿಂದ ಪೈಪಿಗೆ, ಪೈಪಿನಿಂದ ಪಂಪಿಗೆ ಹೋಗುತ್ತದೆ. ಡೀಸೆಲ್ ಗಾಡಿಯ ಪಂಪಿಗೆ ಬೇರೆ ಎಣ್ಣೆ ಬಿಡುವುದಿಲ್ಲ, ಡೀಸೆಲ್ಲೇ ಅದರ ಜಿಡ್ಡು. ಒಳಗಿನ ಸಂದು ಕೂದಲೆಳೆಗಿಂತ ಸಣ್ಣದು. ಅಲ್ಲಿಗೆ ನೀರು ಹೋದರೆ ಜಿಡ್ಡು ಹೋಗಿ ಉಜ್ಜುತ್ತದೆ, ಹಾಗೇ ಬಿಟ್ಟರೆ ತುಕ್ಕು. ಪಂಪು ಕೆಟ್ಟರೆ ಗುಜರಿ ಬೆಲೆಗಿಂತ ರಿಪೇರಿ ಜಾಸ್ತಿ.

ಆಮೇಲೆ ಅವನು ಕೇಳಿದ್ದು ಒಂದು ಗಾಜಿನ ಬಾಟಲಿ. ನನ್ನ ಬುಟ್ಟಿಯಲ್ಲಿ ಸೊಗದೇ ಬೇರಿನ ಶರಬತ್ತಿನ ಖಾಲಿ ಬಾಟಲಿ ಇತ್ತು, ಕೊಟ್ಟೆ. ಇಂಜಿನ್ನಿನ ಪಕ್ಕದ ಫಿಲ್ಟರಿನ ತಳದಲ್ಲಿ ಒಂದು ಸ್ಕ್ರೂ ಇರುತ್ತದೆ, ಅದನ್ನು ಸಡಿಲಿಸಿ ಬಾಟಲಿಗೆ ಹಿಡಿದ. ಎರಡು ನಿಮಿಷ ಬಾನೆಟ್ಟಿನ ಮೇಲಿಟ್ಟು, 'ನೋಡ್ರಿ' ಎಂದ. ತಳದಲ್ಲಿ ನಾಲ್ಕು ಬೆರಳಷ್ಟು ಮಂಕು ನೀರು, ಮೇಲೆ ಡೀಸೆಲ್, ನಡುವೆ ಗೆರೆ ಎಳೆದ ಹಾಗೆ. ಬೆಣ್ಣೆ ಕಾಯಿಸುವಾಗ ಮಜ್ಜಿಗೆ ನೀರು ತಳದಲ್ಲಿ, ತುಪ್ಪ ಮೇಲೆ ನಿಲ್ಲುವುದಿಲ್ಲವೆ, ಅದೇ. ಒಂದು ಲೀಟರ್ ನೀರು ಒಂದು ಕಿಲೋ ತೂಗಿದರೆ ಡೀಸೆಲ್ ಸುಮಾರು 830 ಗ್ರಾಂ ತೂಗುತ್ತದೆ. ಎಷ್ಟೇ ಕಲಕಿದರೂ ಕೊನೆಗೆ ನೀರು ತಳಕ್ಕೇ ಹೋಗಬೇಕು. ಹಾಗಾಗಿಯೇ ಮನೆಯಲ್ಲಿ ಕಾರು ಚೆನ್ನಾಗಿ ಚಾಲೂ ಆಗಿದ್ದು. ಡೀಸೆಲ್ ಹೀರುವ ಕೊಳವೆ ಟ್ಯಾಂಕಿನ ತಳಕ್ಕಿಂತ ಸ್ವಲ್ಪ ಮೇಲಿರುತ್ತದೆ. ನಿಂತ ನೀರು ಅದಕ್ಕೆ ಸಿಗುವುದಿಲ್ಲ. ಹಳ್ಳ ದಿಣ್ಣೆಯಲ್ಲಿ ಕುಲುಕಿದಾಗ ಸಿಗುತ್ತದೆ.

ಕಾರನ್ನು ಸಮತಟ್ಟಿಗೆ ತಳ್ಳಿ ಅರ್ಧ ಗಂಟೆ ಅಲುಗಾಡಿಸದೆ ಬಿಡಬೇಕೆಂದ. ಆ ಅರ್ಧ ಗಂಟೆಯಲ್ಲಿ ಹುಣಸೆಮರದ ಕೆಳಗೆ ಬುತ್ತಿ ಬಿಚ್ಚಿದೆ. ಪುಳಿಯೋಗರೆ, ಮೊಸರನ್ನ. ಟ್ರ್ಯಾಕ್ಟರಿನವನು ಒಂದು ಬೊಗಸೆ ಹಸಿ ಕಡಲೆಕಾಯಿ ತಂದಿಟ್ಟ. ಬೀಡಿ ಹಚ್ಚಲು ಹೋದ, ಬೈದು ರಸ್ತೆಯಾಚೆ ಕಳಿಸಿದೆ. ಆಮೇಲೆ ಹುಡುಗ ಕಾರಿನಡಿ ತೂರಿ ಟ್ಯಾಂಕಿನ ತಳದ ತಿರುಪು ಬಿಚ್ಚಿ ಬೋಗುಣಿ ಹಿಡಿದ.

ಮೊದಲು ಬಂದದ್ದು ಚಹಾ ಬಣ್ಣದ ನೀರು. ಅದರಲ್ಲಿ ತುಕ್ಕಿನ ಹುಡಿ. ಆಮೇಲೆ ಕಪ್ಪಗೆ, ಲೋಳೆ ಲೋಳೆಯಾಗಿ, ಕೆಟ್ಟ ಉಪ್ಪಿನಕಾಯಿಯ ಮೇಲೆ ಕಟ್ಟುವ ಪೊರೆಯಂಥದ್ದು. ವಾಸನೆಯೋ, ಕೇಳಬೇಡಿ. ಹುಡುಗ ಅದನ್ನು ಬೆರಳಲ್ಲಿ ಎತ್ತಿ ತೋರಿಸಿ, 'ಇದು ಇವತ್ತಿಂದಲ್ಲ. ನೀರು ಸೇರಿ ತಿಂಗಳುಗಟ್ಟಲೆ ಆಗೈತೆ' ಎಂದ. ನೀರೂ ಡೀಸೆಲ್ಲೂ ಕೂಡುವ ಜಾಗದಲ್ಲಿ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಬೆಳೆಯುತ್ತವೆ. ನೀರಿನಲ್ಲಿ ವಾಸ, ಡೀಸೆಲ್ ಊಟ. ಅವುಗಳ ಲೋಳೆಯೇ ಫಿಲ್ಟರನ್ನು ಕಟ್ಟಿಸುವುದು. ಒಟ್ಟು ಮೂರು ಲೀಟರಿಗೆ ಕಡಿಮೆಯಿಲ್ಲದಷ್ಟು ನೀರು ಬಂತು. ನಾನು ನಾಚಿಕೆ ಬಿಟ್ಟು ಕೇಳಿಯೇ ಬಿಟ್ಟೆ: 'ಒದ್ದೆ ಕ್ಯಾನಿನಿಂದ ಇಷ್ಟು ಬರುತ್ತೇನಪ್ಪ?'

'ಕ್ಯಾನಲ್ಲಿ ಬರೋದು ಚಮಚದಷ್ಟು. ಇದು ಚೊಂಬುಗಟ್ಟಲೆ ಐತಲ್ಲ ತಾಯಿ' ಎಂದ. ಅದನ್ನು ಕೇಳಿ ನಾನು ಇವರ ಮುಖ ನೋಡಿದೆ. ಇವರು ಮಿಡಿಗೇಶಿ ಬೆಟ್ಟ ನೋಡುತ್ತಿದ್ದರು.

ಹಾಗಾದರೆ ಎಲ್ಲಿಂದ ಬಂತು? ಹುಡುಗ ಟ್ಯಾಂಕಿನ ಮುಚ್ಚಳ ತಿರುಗಿಸಿ ತಂದು ತೋರಿಸಿದ. ಮುಚ್ಚಳದ ಒಳಗಿನ ರಬ್ಬರು ಬಳೆ ಒಣಗಿ, ಸೀಳಿ, ಒಂದು ಕಡೆ ಹರಿದೇ ಹೋಗಿತ್ತು. ಸೋದರಿಯರೇ, ಕುಕ್ಕರಿನ ಗ್ಯಾಸ್ಕೆಟ್ ಹಳೆಯದಾದರೆ ಹೇಗಿರುತ್ತದೆಂದು ನಮಗಿಂತ ಚೆನ್ನಾಗಿ ಬಲ್ಲವರು ಯಾರು? ವರ್ಷಕ್ಕೊಮ್ಮೆ ಕುಕ್ಕರಿನದು ಬದಲಿಸುತ್ತೇವೆ, ಕಾರಿನದನ್ನು ಈ ಮನೆಯಲ್ಲಿ ಹತ್ತು ಹದಿನೈದು ವರ್ಷದಿಂದ ಯಾರೂ ಕಣ್ಣೆತ್ತಿ ನೋಡಿಲ್ಲ. ಇವರಿಗೆ ಭಾನುವಾರ ಭಾನುವಾರ ಪೈಪು ಹಿಡಿದು ಕಾರಿನ ಮೈ ತೊಳೆಯುವ ಅಭ್ಯಾಸ. ಓಡಿಸುವುದಿಲ್ಲ, ತೊಳೆಯುವುದು ಮಾತ್ರ ಬಿಟ್ಟಿಲ್ಲ. ಮುಚ್ಚಳದ ಸುತ್ತ ನಿಂತ ನೀರು ಸೀಳಿನಲ್ಲಿ ಹನಿಹನಿಯಾಗಿ ಒಳಗೆ. ಶೆಡ್ಡಿನ ಒಡೆದ ಶೀಟಿನಿಂದ ಮಳೆಗಾಲದ ತೊಟ್ಟು ಕೂಡ ಅಲ್ಲಿಗೇ.

ಇನ್ನೊಂದು ದಾರಿಯೂ ಇದೆಯಂತೆ, ಅದು ನನಗೆ ಹೊಸದು. ಟ್ಯಾಂಕು ಖಾಲಿಯಿದ್ದಷ್ಟೂ ಒಳಗೆ ಗಾಳಿ ಜಾಸ್ತಿ. ಹಗಲು ಕಾಯ್ದು ರಾತ್ರಿ ತಣ್ಣಗಾದಾಗ ಗಾಳಿಯಲ್ಲಿರುವ ತೇವ ಟ್ಯಾಂಕಿನ ಒಳಗೋಡೆಗೆ ಬೆವರಿನ ಹಾಗೆ ಕೂರುತ್ತದೆ, ಇಳಿದು ತಳ ಸೇರುತ್ತದೆ. ಬಿಸಿ ಅನ್ನದ ಡಬ್ಬಿಯ ಮುಚ್ಚಳದಲ್ಲಿ ಹನಿ ಕಟ್ಟುವುದಿಲ್ಲವೆ? ಹೀಗೆ ಸೇರುವುದು ಸ್ವಲ್ಪಸ್ವಲ್ಪವೇ. ಆದರೆ ತೆಗೆಯುವವರಿಲ್ಲದೆ ತಿಂಗಳುಗಟ್ಟಲೆ ಸೇರಿದರೆ? ನಿಂತಿರುವ ಹಳೆಯ ಗಾಡಿಯ ಟ್ಯಾಂಕನ್ನು ಆದಷ್ಟೂ ತುಂಬಿಡಬೇಕು, ಅಷ್ಟು ದುಡ್ಡು ಸುರಿಯುವ ಮನಸ್ಸಿಲ್ಲದಿದ್ದರೆ ವಾರಕ್ಕೊಮ್ಮೆ ಓಡಿಸಬೇಕು. ಭರಣಿ ಅರ್ಧ ಆದ ಮೇಲೇ ಉಪ್ಪಿನಕಾಯಿ ಬೂಸ್ಟು ಹಿಡಿಯುವುದು, ಅದನ್ನು ಸಣ್ಣ ಭರಣಿಗೆ ತುಂಬಿಡಿ ಎಂದು ನಮ್ಮ ಅಜ್ಜಿ ಹೇಳುತ್ತಿದ್ದರು.

ನನ್ನ ಹತ್ತಿರ ತೆಳು ಪಂಚೆ ಬಟ್ಟೆ ಇತ್ತು, ಡೀಸೆಲ್ ಸೋಸಿಕೊಳ್ಳಿ ಎಂದೆ. ಬಟ್ಟೆ ಕಸ ಹಿಡಿಯುತ್ತದೆ, ನೀರು ಹಿಡಿಯುವುದಿಲ್ಲ ಎಂದು ಹುಡುಗ ತಲೆಯಾಡಿಸಿದ. ತಿಳಿಯಾಗಲು ಬಿಟ್ಟು ಮೇಲಿನದನ್ನು ಮಾತ್ರ ಬಗ್ಗಿಸಿ ವಾಪಸು ಹಾಕಿದ, ತಳದ್ದನ್ನು ಭಾಗಗಳನ್ನು ತೊಳೆಯಲಿಕ್ಕೆಂದು ಡಬ್ಬಿಯಲ್ಲಿಟ್ಟುಕೊಂಡ. ಮಣ್ಣಿಗೆ ಚೆಲ್ಲಲಿಲ್ಲ, ಅದು ನನಗೆ ಹಿಡಿಸಿತು. ಕುಕ್ಕರ್ ಗ್ಯಾಸ್ಕೆಟ್ ಕತ್ತರಿಸಿ ಮುಚ್ಚಳಕ್ಕೆ ಹಾಕಬಹುದಾ ಎಂದು ಕೇಳಿದೆ, ನಕ್ಕ. ಆ ರಬ್ಬರು ಡೀಸೆಲ್ಲಿನಲ್ಲಿ ಒಬ್ಬಟ್ಟಿನ ಹಾಗೆ ಉಬ್ಬಿಹೋಗುತ್ತದಂತೆ, ಎಣ್ಣೆ ತಡೆಯುವ ರಬ್ಬರೇ ಬೇಕು. ಅಲ್ಲಿಯವರೆಗೆ ಪ್ಲಾಸ್ಟಿಕ್ ಹಾಳೆ ಸುತ್ತಿ ಬಿಗಿ ಮಾಡಿದ. ಹೊಸ ಫಿಲ್ಟರ್ ತರಲು ಟ್ರ್ಯಾಕ್ಟರಿನವನ ಬೈಕು ಮಧುಗಿರಿಗೆ ಹೋಗಿ ಬಂತು.

ಫಿಲ್ಟರ್ ಹಾಕಿದ ಕೂಡಲೇ ಗಾಡಿ ಹೊರಡುವುದಿಲ್ಲ. ಬಿಚ್ಚಿದ ಪೈಪುಗಳಲ್ಲಿ ಗಾಳಿ ಸೇರಿರುತ್ತದೆ. ಪಂಪಿನ ಪಕ್ಕದ ಸಣ್ಣ ಸನ್ನೆಯನ್ನು ಕೈಯಲ್ಲಿ ಒತ್ತುತ್ತಾ, ಒಂದು ತಿರುಪು ಸಡಿಲಿಸಿ, ನೊರೆ ನಿಂತು ಬರೀ ಡೀಸೆಲ್ ಬರುವವರೆಗೆ ಕಾಯಬೇಕು. ಒತ್ತುವ ಕೆಲಸ ನನ್ನ ಪಾಲಿಗೆ ಬಂತು, ಇವರಿಗೆ ಬ್ಯಾಟರಿಗೆ ತಂತಿ ಹಿಡಿಯುವ ಕೆಲಸ. ಮೂರನೇ ಸಲಕ್ಕೆ ಕಾರು ಗುಡುಗಿತು. ಅತ್ತೆಯವರು ಏನೂ ಹೇಳದೆ ಹೋಗಿ ಹಿಂದಿನ ಸೀಟಿನಲ್ಲಿ ಕುಳಿತು ಬಾಗಿಲು ಹಾಕಿಕೊಂಡರು.

ನಿಮ್ಮ ಮನೆಯದು ಪೆಟ್ರೋಲ್ ಗಾಡಿಯಾದರೆ ಬೇರೊಂದು ಮಾತು ತಿಳಿದಿರಲಿ. ಈಗ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲು ಎಥೆನಾಲ್ ಬೆರೆಸುತ್ತಾರೆ, 2023ರಲ್ಲಿ ಶುರುವಾದದ್ದು 2025ರ ಹೊತ್ತಿಗೆ ದೇಶದ ತುಂಬ ಬಂತು. ಎಥೆನಾಲ್ ನೀರನ್ನು ಉಪ್ಪಿನ ಹಾಗೆ ಎಳೆದುಕೊಳ್ಳುತ್ತದೆ. ಸ್ವಲ್ಪ ತೇವವಾದರೆ ಬೆರೆತು ಉರಿದುಹೋಗುತ್ತದೆ, ಮಿತಿ ಮೀರಿದರೆ ನೀರೂ ಎಥೆನಾಲೂ ಒಟ್ಟಿಗೆ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಕೂರುತ್ತವೆ. ತಿಂಗಳುಗಟ್ಟಲೆ ನಿಲ್ಲುವ ಹಳೆಯ ಸ್ಕೂಟರುಗಳಿಗೆ ಇದು ಒಳ್ಳೆಯದಲ್ಲ. ಗಾಡಿ ತೊಳೆಯುವಾಗ ಮುಚ್ಚಳದ ಮೇಲೆ ಪೈಪು ಬಿಡಬೇಡಿ.

ಮಿಡಿಗೇಶಿ ಬಿಟ್ಟ ಮೇಲೆ ಪಾವಗಡದ ದಾರಿಗೆ ಆಂಧ್ರದ ನೆಲ ಅಡ್ಡ ಬರುತ್ತದೆ. ತುಮಕೂರು ಜಿಲ್ಲೆಯದೇ ತಾಲ್ಲೂಕು, ಆದರೆ ಹೋಗಬೇಕಾದರೆ ತೆಲುಗು ಬೋರ್ಡುಗಳನ್ನು ಓದಿಕೊಂಡು ಹೋಗಬೇಕು. ಮೂರು ಕಡೆ ಆಂಧ್ರ ಸುತ್ತಿಕೊಂಡ ಸೀಮೆ. ಅತ್ತೆಯವರ ಬಾಯಲ್ಲಿ ಆ ಕಡೆ ಹೋಗುತ್ತಿದ್ದಂತೆ ತಾನಾಗಿ ತೆಲುಗು ಹೊರಡುತ್ತದೆ.

ದೊಡ್ಡಮ್ಮನವರ ಮನೆ ಸೇರಿದಾಗ ದೀಪ ಹಚ್ಚುವ ಹೊತ್ತು. ಅಕ್ಕತಂಗಿಯರು ಕೈ ಹಿಡಿದುಕೊಂಡು ಕುಳಿತವರು ಬಹಳ ಹೊತ್ತು ಮಾತೇ ಆಡಲಿಲ್ಲ. ದೊಡ್ಡಮ್ಮ ಬಿದ್ದು ಮಲಗಿದ್ದು ಈಗ, ಆದರೆ ಅವರ ಬೆನ್ನು ಬಾಗಿ ಮಂಡಿ ಬಿಗಿದು ಇಪ್ಪತ್ತು ವರ್ಷವಾಯಿತು. ವಯಸ್ಸಿನಿಂದ ಮಾತ್ರ ಅಲ್ಲ. ಆ ಸೀಮೆಯ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ ಒಂದು ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ ಒಂದೂವರೆಯವರೆಗೆ ಎಂದು ನಿಯಮ. ಅದಕ್ಕೆ ಮೀರಿದ್ದನ್ನು ವರ್ಷಾನುಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆ, ದೊಡ್ಡವರಿಗೆ ಮೂಳೆ ಕೀಲು ಬಿಗಿತ.

ಆ ರಾತ್ರಿ ನಮ್ಮ ಶರಬತ್ತಿನ ಬಾಟಲಿಯನ್ನು ತೊಳೆದು ಅವರ ಕೊಳವೆಬಾವಿಯ ನೀರು ತುಂಬಿ ದೀಪಕ್ಕೆ ಹಿಡಿದು ನೋಡಿದೆ. ತಿಳಿನೀರು, ಕನ್ನಡಿಯಂತಿತ್ತು. ಬೆಳಗ್ಗೆ ಡೀಸೆಲ್ಲಿನ ಹೊಲಸನ್ನು ಎರಡೇ ನಿಮಿಷದಲ್ಲಿ ತೋರಿಸಿಕೊಟ್ಟ ಬಾಟಲಿ ಇಲ್ಲಿ ಏನನ್ನೂ ತೋರಿಸಲಿಲ್ಲ. ಫ್ಲೋರೈಡಿಗೆ ಬಣ್ಣವಿಲ್ಲ, ತಳಕ್ಕೆ ಕೂರುವುದಿಲ್ಲ. ಕುದಿಸಿದರೂ ಹೋಗುವುದಿಲ್ಲ, ನೀರು ಇಂಗಿ ಇನ್ನೂ ಗಟ್ಟಿಯಾಗುತ್ತದೆ. ನೀರನ್ನು ಕುದಿಸಿ ಕುಡಿಯಿರಿ ಎಂದು ನಾನೇ ಹಿಂದೆ ಅವರಿಗೆ ಫೋನಿನಲ್ಲಿ ಬುದ್ಧಿ ಹೇಳಿದ್ದೆ! ಈಗ ಊರಿನಲ್ಲಿ ಶುದ್ಧ ನೀರಿನ ಘಟಕ ಇದೆ, ನಾಣ್ಯ ಹಾಕಿದರೆ ಕ್ಯಾನು ತುಂಬುತ್ತದೆ. ತುಂಗಭದ್ರೆಯ ಹಿನ್ನೀರನ್ನು ಪೈಪಿನಲ್ಲಿ ಈ ತಾಲ್ಲೂಕಿಗೆ ತರುವ ಯೋಜನೆಯ ಮಾತೂ ಎಲ್ಲರ ಬಾಯಲ್ಲಿತ್ತು. ದೊಡ್ಡಮ್ಮನ ಮೊಮ್ಮಕ್ಕಳ ಹಲ್ಲು ಬೆಳ್ಳಗಿವೆ, ಅದನ್ನು ನೋಡಿ ಸಮಾಧಾನವಾಯಿತು. ನಾವು ಒಯ್ದ ನಲವತ್ತು ಲೀಟರನ್ನು ದೊಡ್ಡಮ್ಮ ತಮ್ಮ ಮಂಚದ ಕೆಳಗೇ ಇಡಿಸಿಕೊಂಡರು.

ಆ ಮನೆಯ ಊಟದ ಬಗ್ಗೆ ಹೇಳದಿದ್ದರೆ ಈ ಪತ್ರಿಕೆಯವರು ಒಪ್ಪಲಾರರು. ರಾಗಿಮುದ್ದೆ, ಅವರೆಕಾಳಿನ ಸಾರು, ಜೊತೆಗೆ ಹುಚ್ಚೆಳ್ಳು ಚಟ್ನಿ. ಹುಚ್ಚೆಳ್ಳನ್ನು ಕಲ್ಲು ಆರಿಸಿ, ಎಣ್ಣೆ ಹಾಕದೆ ಸಣ್ಣ ಉರಿಯಲ್ಲಿ ಚಟಪಟ ಅನ್ನುವವರೆಗೆ ಹುರಿದು, ಸುಟ್ಟ ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಸೆಹಣ್ಣು, ಉಪ್ಪು, ಚೂರು ಬೆಲ್ಲ ಸೇರಿಸಿ ರುಬ್ಬಬೇಕು. ಎಳ್ಳು ಹೊತ್ತಿದರೆ ಕಹಿ, ಜೋಪಾನ.

ಮರುದಿನ ಬೆಳಗ್ಗೆ ದೊಡ್ಡಮ್ಮನ ಮಗ ತಿರುಮಣಿಯ ಕಡೆ ಕರೆದುಕೊಂಡು ಹೋಗಿ ಸೋಲಾರ್ ಪಾರ್ಕ್ ತೋರಿಸಿದ. 2018ರಲ್ಲಿ ಶುರುವಾದದ್ದು, ಹದಿಮೂರು ಸಾವಿರ ಎಕರೆಯಷ್ಟು, 2,050 ಮೆಗಾವಾಟ್. ರೈತರು ಜಮೀನು ಮಾರಿಲ್ಲ, ಗುತ್ತಿಗೆಗೆ ಕೊಟ್ಟಿದ್ದಾರೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಶುರು, ಆಮೇಲೆ ಸ್ವಲ್ಪಸ್ವಲ್ಪ ಏರಿಕೆ. ಕಡಲೆಕಾಯಿ ಕೈಕೊಟ್ಟ ವರ್ಷಗಳನ್ನು ನೆನೆದರೆ ಅದೇ ವಾಸಿ ಎನ್ನುತ್ತಾನೆ ಅವನು. ಜಮೀನೇ ಇಲ್ಲದೆ ಕೂಲಿ ಮಾಡುತ್ತಿದ್ದ ಹೆಂಗಸರು ಏನನ್ನುತ್ತಾರೋ, ಅವರ ಕಳೆ ಕೀಳುವ ಕೆಲಸ ಹೋಯಿತು. ಕಣ್ಣು ಹಾಯುವವರೆಗೂ ಕನ್ನಡಿ ಹಾಸಿದ ಹಾಗಿತ್ತು. ದೂಳು ಕೂತರೆ ಅವನ್ನೂ ತೊಳೆಯಬೇಕಲ್ಲ, ಆ ನೀರು ಎಲ್ಲಿಂದ ಎಂಬ ಪ್ರಶ್ನೆ ನನ್ನ ಮನಸ್ಸಿಗೆ ಬಂತು.

ಶನಿವಾರವಾದ್ದರಿಂದ ಪಾವಗಡದ ಶನಿಮಹಾತ್ಮನ ಗುಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೊರಗಿನಿಂದಲೇ ಕೈಮುಗಿದು ಶಿರಾದ ದಾರಿ ಹಿಡಿದೆವು. ಒಂದು ಕಾಲಕ್ಕೆ ಮೊಗಲರ ಸುಬಾದ ರಾಜಧಾನಿಯಾಗಿದ್ದ ಊರು. 1651ರಲ್ಲಿ ತೀರಿಕೊಂಡ ಮಲಿಕ್ ರಿಹಾನನ ಗೋರಿ, 1696ರ ಜುಮ್ಮಾ ಮಸೀದಿ ಎರಡೂ ಇನ್ನೂ ಚೆನ್ನಾಗಿವೆ. ನೀವು ಹೋದರೆ ನಿಧಾನವಾಗಿ ನೋಡಿ, ಹತ್ತಿರದ ಕಗ್ಗಲಡುವಿನಲ್ಲಿ ಹುಣಸೆಮರಗಳ ಮೇಲೆ ಗೂಡು ಕಟ್ಟುವ ಬಣ್ಣದ ಕೊಕ್ಕರೆಗಳನ್ನೂ ನೋಡಿ. ನಮಗೆ ಶಿರಾದಲ್ಲಿ ಕಂಡದ್ದು ಬಿಡಿಭಾಗದ ಅಂಗಡಿಗಳು ಮಾತ್ರ. ಮೊದಲ ಎರಡರಲ್ಲಿ ಇಲ್ಲ ಎಂದರು. ಮೂರನೆಯದರಲ್ಲಿ ವಯಸ್ಸಾದವರೊಬ್ಬರು ಏಣಿ ಹತ್ತಿ, ದೂಳು ಹಿಡಿದ ಡಬ್ಬಿ ಇಳಿಸಿ, ಅಳತೆಗೆ ಸರಿಯಾದ ಎರಡು ಬಳೆ ಹುಡುಕಿ ಕೊಟ್ಟರು. ಎರಡಕ್ಕೆ ಅರವತ್ತು ರೂಪಾಯಿ. ಅರವತ್ತು ರೂಪಾಯಿಯ ವಸ್ತು ನೋಡಿಕೊಳ್ಳದೆ ಒಂದು ದಿನ ಹಾಳು, ನಾಲ್ಕು ಸಾವಿರ ಖರ್ಚು. ಹೆದ್ದಾರಿಯ ಬಂಕಿನಲ್ಲಿ ಡೀಸೆಲ್ ಹಾಕಿಸುವಾಗ ಸಾಂದ್ರತೆ ಅಳೆದು ತೋರಿಸಿ ಎಂದು ನಾನೇ ಇಳಿದು ಕೇಳಿದೆ. ಕೇಳಿದವರಿಗೆ ತೋರಿಸಬೇಕು, ಅದು ಗಿರಾಕಿಯ ಹಕ್ಕು. ಹುಡುಗ ಒಮ್ಮೆ ನನ್ನನ್ನು, ಒಮ್ಮೆ ಇವರನ್ನು ನೋಡಿ ಜಾಡಿ ತಂದ.

ಈಗ ತಿಂಗಳ ಮೊದಲ ಭಾನುವಾರ ಫಿಲ್ಟರಿನ ತಳದ ತಿರುಪು ಸಡಿಲಿಸಿ ಬಾಟಲಿಗೆ ಹಿಡಿದು ನೋಡುವುದು ನನ್ನ ಕೆಲಸ. ಹೋದ ಎರಡು ಸಲವೂ ಬರೀ ಡೀಸೆಲ್ಲೇ ಬಂತು. ಗುಜರಿಯವನು ಮತ್ತೆ ಫೋನು ಮಾಡಿದ್ದ. ಅತ್ತೆಯವರೇ ಎತ್ತಿಕೊಂಡು, 'ಮಾಘದಲ್ಲಿ ನಮ್ಮಕ್ಕನ್ನ ನೋಡೋಕೆ ಹೋಗೋದಿದೆಯಪ್ಪ, ಆಮೇಲೆ ಮಾಡು' ಎಂದು ಇಟ್ಟುಬಿಟ್ಟರು.